ಉತ್ತರ ಪತ್ರಿಕೆಯಲ್ಲಿ ನನ್ನದೊಂದು ಸಾಲು

ನನ್ನ ಹೆಂಡತಿ ಹೋಗಿ ಹದಿನಾಲ್ಕು ತಿಂಗಳಾಯಿತು. ಅವಳ ಬಗ್ಗೆ ಬರೆಯಲು ಕೂತಾಗಲೆಲ್ಲ ಮೊದಲು ನೆನಪಿಗೆ ಬರುವುದು ಅವಳು ನನ್ನನ್ನು ಬೈದ ಸಂದರ್ಭಗಳು. ನಮ್ಮ ಪರಿಚಯವಾದದ್ದೂ ಬೈಗುಳದಿಂದಲೇ.

ಆಗ ನಾನು ಯಶವಂತಪುರದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದೆ. ಒಂದು ಸಂಜೆ ಬಸ್ ಸ್ಟಾಪಿನಲ್ಲಿ ಬಿಳಿ ಕೋಲು ಹಿಡಿದ ಒಬ್ಬ ಹುಡುಗಿ ನಿಂತಿದ್ದಳು. ಮೆಜೆಸ್ಟಿಕ್ ಬಸ್ಸು ಬಂತು. ಪಾಪ, ಕಣ್ಣು ಕಾಣುವುದಿಲ್ಲ ಎಂದುಕೊಂಡು ನಾನು ಅವಳ ಮೊಳಕೈ ಹಿಡಿದು, ಜನರನ್ನು ಸರಿಸಿ, ಮೆಟ್ಟಿಲು ಹತ್ತಿಸಿ, ಜೋಪಾನವಾಗಿ ಇಳಿಸಿ ಎಂದು ಕಂಡಕ್ಟರಿಗೂ ಹೇಳಿ, ಮನೆಗೆ ಹೋದೆ. ಆ ದಿನ ಊಟ ರುಚಿಯಾಗಿತ್ತು. ಮರುದಿನ ಅದೇ ಜಾಗದಲ್ಲಿ ಅವಳು ನಿಂತಿದ್ದಳು. ನಾನು ಯಾರ ಹತ್ತಿರವೋ ಮಾತಾಡುತ್ತಿದ್ದುದನ್ನು ಕೇಳಿ ನನ್ನ ಕಡೆ ತಿರುಗಿದಳು.

"ನಿನ್ನೆ ನನ್ನ ಬಸ್ ಹತ್ತಿಸಿದವರು ನೀವೇ ತಾನೇ?"

"ಹೌದು," ಎಂದೆ. ಥ್ಯಾಂಕ್ಸ್ ಹೇಳುತ್ತಾಳೆ ಎಂದುಕೊಂಡಿದ್ದೆ.

"ನಾನು ಬಸ್ಸಿಗೆ ಕಾಯ್ತಿರ್ಲಿಲ್ಲ ರೀ. ನನ್ನ ಫ್ರೆಂಡ್‌ಗೆ ಕಾಯ್ತಿದ್ದೆ. ಮಲ್ಲೇಶ್ವರದಲ್ಲಿ ಇಳಿದು ವಾಪಸ್ ಬರೋ ಹೊತ್ತಿಗೆ ಅವಳು ಹೊರಟುಹೋಗಿದ್ಲು. ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿಮಗೆ?"

ಕೇಳಬೇಕು ಅನ್ನಿಸಿರಲಿಲ್ಲ. ಅದನ್ನೇ ಹೇಳಿದೆ. ಅವಳು ನಕ್ಕುಬಿಟ್ಟಳು. ಎರಡು ವರ್ಷದ ಮೇಲೆ ನಮ್ಮ ಮದುವೆಯಾಯಿತು.

ಅವಳಿಗೆ ಹುಟ್ಟಿನಿಂದಲೇ ದೃಷ್ಟಿ ಇರಲಿಲ್ಲ. ಬ್ರೈಲ್‌ನಲ್ಲಿ ಓದಿ ಬಿ.ಎ. ಮಾಡಿ, ಒಂದು ಸರ್ಕಾರಿ ಕಚೇರಿಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದಳು. ನಾನು ಎಸ್ಸೆಸ್ಸೆಲ್ಸಿ, ಅದರ ಮೇಲೆ ಐ.ಟಿ.ಐ. ಟರ್ನರ್. ಕೊಡಿಗೇಹಳ್ಳಿಯಲ್ಲಿ ಮನೆ ಕಟ್ಟಿಸಿದೆವು, ಮಗಳನ್ನು ಓದಿಸಿದೆವು, ಮದುವೆ ಮಾಡಿ ಚಿಕ್ಕಬಾಣಾವರಕ್ಕೆ ಕಳಿಸಿದೆವು. ಇಬ್ಬರೂ ಒಂದೇ ವರ್ಷದಲ್ಲಿ ನಿವೃತ್ತರಾದೆವು. ನಾನು ಇನ್ನು ಬೆಳಿಗ್ಗೆ ತಡವಾಗಿ ಏಳಬಹುದು ಎಂದು ಸಂತೋಷಪಡುತ್ತಿದ್ದಾಗ ಅವಳು ಎಂ.ಎ. ಮಾಡುತ್ತೇನೆ ಎಂದಳು. ರಾಜ್ಯಶಾಸ್ತ್ರ, ಅಂಚೆ ಮೂಲಕ.

"ಈ ವಯಸ್ಸಲ್ಲಿ ಯಾಕೆ?" ಎಂದೆ.

"ಮೂವತ್ತು ವರ್ಷ ಬೇರೆಯವರ ಮಾತನ್ನ ಬೇರೆಯವರಿಗೆ ಕನೆಕ್ಟ್ ಮಾಡಿದ್ದಾಯ್ತು. ಈಗ ನಾನು ಸ್ವಲ್ಪ ಮಾತಾಡ್ತೀನಿ."

ಪುಸ್ತಕಗಳು ಬಂದವು. ಅವು ಬ್ರೈಲ್‌ನಲ್ಲಿ ಇರಲಿಲ್ಲ. ಹಾಗಾಗಿ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ದಿನವೂ ಬೆಳಿಗ್ಗೆ ಕಾಫಿ ಮುಗಿಸಿ ಮಹಡಿಯ ಮೇಲೆ ಕೂರುತ್ತಿದ್ದೆವು. ನಾನು ಓದುವುದು, ಅವಳು ಬ್ರೈಲ್ ಹಲಗೆಯ ಮೇಲೆ ಟಕಟಕ ಚುಚ್ಚಿಕೊಳ್ಳುವುದು. ಅಲ್ಲಿಯತನಕ ನಾನು ಡ್ರಾಯಿಂಗ್ ಹಾಳೆ ಮತ್ತು ದಿನಪತ್ರಿಕೆ ಬಿಟ್ಟು ಹೆಚ್ಚಿಗೆ ಏನನ್ನೂ ಓದಿದವನಲ್ಲ. ಮೊದಲ ವಾರ ನನ್ನ ಓದು ಕೇಳಿ ಅವಳು, "ರೈಲ್ವೆ ಸ್ಟೇಷನ್ನಲ್ಲಿ ಅನೌನ್ಸ್ ಮಾಡ್ದಂಗೆ ಓದ್ತೀರಲ್ಲ, ಯಾವ ಪ್ಲಾಟ್‌ಫಾರ್ಮಿಗೆ ಹೋಗ್ಲಿ ನಾನು?" ಎಂದು ರೇಗಿಸಿದಳು.

ಎಲ್ಲಕ್ಕಿಂತ ದಪ್ಪದ ಪುಸ್ತಕ ಪಾಶ್ಚಾತ್ಯ ರಾಜಕೀಯ ಚಿಂತನೆಯದು. ಗ್ರೀಕರಿಂದ ಶುರು. ಊರಿನ ಆಡಳಿತದಲ್ಲಿ ಪಾಲು ತೆಗೆದುಕೊಳ್ಳುವವನೇ ಪೂರ್ಣ ಮನುಷ್ಯ ಎಂದು ಅವರು ಎಣಿಸಿದ್ದರಂತೆ. ಹೆಂಗಸರಿಗೂ ಗುಲಾಮರಿಗೂ ಆ ಪಾಲು ಇರಲಿಲ್ಲ. ಅವಳು ಬರೆದುಕೊಳ್ಳುವುದನ್ನು ನಿಲ್ಲಿಸಿ, "ಹಾಗಾದ್ರೆ ಆ ಊರಲ್ಲಿ ಅಡುಗೆ ಮಾಡ್ತಿದ್ದವರೆಲ್ಲ ಅರ್ಧ ಮನುಷ್ಯರು, ಉಣ್ತಿದ್ದವರು ಪೂರ್ತಿ. ಮುಂದೆ ಓದಿ," ಎಂದಳು. ಆಮೇಲೆ ಮನುಷ್ಯ ತನ್ನೊಳಗೆ ತಾನೇ ಇಣುಕಿ ದೇವರನ್ನು ಹುಡುಕಿದ ಕಾಲ. ಆಮೇಲೆ ಫ್ರಾನ್ಸಿನ ಒಬ್ಬ ಚಿಂತಕ. ಅವನು ಒಬ್ಬನೇ ಕೂತು, ಲೋಕವನ್ನೂ ತನ್ನ ಕೈಕಾಲನ್ನೂ ಸಂಶಯಪಟ್ಟು, ಕೊನೆಗೆ ಸಂಶಯಪಡುವ ತಾನೊಬ್ಬನಿರುವುದು ಮಾತ್ರ ಖಂಡಿತ ಎಂದು ತೀರ್ಮಾನಿಸಿದ. ನನಗೆ ಅದು ಕೆಲಸವಿಲ್ಲದವನ ಯೋಚನೆ ಅನ್ನಿಸಿತು. ಅವಳಿಗೆ ಹಾಗನ್ನಿಸಲಿಲ್ಲ. ಆ ಪುಟವನ್ನು ಮೂರು ಸಲ ಓದಿಸಿದಳು. ಚಿಕ್ಕವಳಿದ್ದಾಗ ಮದುವೆ ಮನೆಗಳಲ್ಲಿ ಅವಳನ್ನು ಒಂದು ಮೂಲೆಯಲ್ಲಿ ಕೂರಿಸಿ ಎಲ್ಲರೂ ಮರೆತುಬಿಡುತ್ತಿದ್ದರಂತೆ. ಸುತ್ತ ಗದ್ದಲ, ಯಾರೂ ಮಾತಾಡಿಸುವುದಿಲ್ಲ. ಆಗ ಅವಳು ಮನಸ್ಸಿನಲ್ಲೇ ಮಗ್ಗಿ ಹೇಳಿಕೊಂಡು, ನಾನು ಇದ್ದೀನಿ, ಇದ್ದೀನಿ ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದಳಂತೆ. ಅಷ್ಟು ವರ್ಷ ಜೊತೆಗಿದ್ದರೂ ಇದನ್ನು ಅವಳು ನನಗೆ ಹೇಳಿರಲಿಲ್ಲ. ಆ ಪುಸ್ತಕ ಹೇಳಿಸಿತು.

ಇಂಗ್ಲೆಂಡಿನವನೊಬ್ಬನ ಪ್ರಕಾರ ಸರ್ಕಾರ, ಕಾನೂನು ಇಲ್ಲದಿದ್ದರೆ ಎಲ್ಲರೂ ಎಲ್ಲರ ಮೇಲೆ ಯುದ್ಧಕ್ಕೆ ನಿಲ್ಲುತ್ತಾರೆ. ಆ ಭಯಕ್ಕೇ ಜನ ಸೇರಿ ಒಂದು ಒಪ್ಪಂದ ಮಾಡಿಕೊಂಡು ಸಮಾಜ ಕಟ್ಟಿಕೊಂಡರು. ಅದನ್ನು ಓದುತ್ತಿದ್ದ ಬೇಸಿಗೆಯಲ್ಲಿ ನಮ್ಮ ಬೀದಿಗೆ ನೀರಿನ ಟ್ಯಾಂಕರ್ ಬರುತ್ತಿತ್ತು. ಹಾರ್ನ್ ಕೇಳಿದ ಕೂಡಲೇ ಬಿಂದಿಗೆ, ಡ್ರಮ್ಮು, ಪೈಪುಗಳ ಸದ್ದು. "ನಮ್ದು ಮೊದ್ಲು ಇಟ್ಟಿದ್ದು ಕಣ್ರೀ!" "ಕಣ್ಣು ಕಾಣಲ್ವೇನ್ರೀ ನಿಮಗೆ?" ಎಂಬ ಕೂಗು. ಮಹಡಿಯಿಂದ ನನ್ನ ಹೆಂಡತಿ ಬಗ್ಗಿ, "ನನಗೆ ಕಾಣಲ್ಲ, ಆದ್ರೂ ಎಲ್ಲಾ ಗೊತ್ತಾಗ್ತಿದೆ!" ಎಂದು ಕೂಗಿದಳು. ಕೆಳಗೆ ಎಲ್ಲರೂ ನಕ್ಕರು. ಆ ಭಾನುವಾರ ಅವಳೇ ಹೆಂಗಸರನ್ನು ನಮ್ಮ ಜಗಲಿಗೆ ಕರೆದು, ಮನೆಗೆ ಇಷ್ಟು ಡ್ರಮ್ಮು, ವಾರಕ್ಕೊಮ್ಮೆ ಸರದಿ ತಿರುಗಬೇಕು ಎಂದು ಒಪ್ಪಿಸಿದಳು. ಜಗಳ ನಿಂತಿತು. ಇಂಗ್ಲೆಂಡಿನವನು ಬದುಕಿದ್ದರೆ ಕೊಡಿಗೇಹಳ್ಳಿಗೆ ಬಂದು ನೋಡಲಿ ಎಂದು ತಿಂಗಳುಗಟ್ಟಲೆ ಹೇಳಿಕೊಂಡು ತಿರುಗಿದಳು.

ಇನ್ನೊಬ್ಬ ಇಂಗ್ಲಿಷ್ ಚಿಂತಕನ ಪಾಠದ ಕೊನೆಯಲ್ಲಿ ಒಂದು ಸಂಗತಿಯನ್ನು ಚೌಕ ಹಾಕಿ ಬೇರೆಯಾಗಿ ಕೊಟ್ಟಿದ್ದರು. ಹುಟ್ಟು ಕುರುಡನೊಬ್ಬ ಚೆಂಡನ್ನೂ ದಾಳದಂಥ ಚೌಕದ ಗಟ್ಟಿಯನ್ನೂ ಮುಟ್ಟಿ ತಿಳಿದಿದ್ದಾನೆ. ಅವನಿಗೆ ಒಂದು ದಿನ ದೃಷ್ಟಿ ಬಂದರೆ, ಮುಟ್ಟದೆ, ಬರೀ ನೋಡಿ, ಚೆಂಡು ಯಾವುದು ಚೌಕ ಯಾವುದು ಎಂದು ಹೇಳಬಲ್ಲನೇ? ಇದರ ಬಗ್ಗೆ ದೊಡ್ಡ ದೊಡ್ಡವರು ಬಹಳ ಕಾಲ ವಾದ ಮಾಡಿದರಂತೆ. ನಾನು ಓದುತ್ತ ಅವಳ ಮುಖ ನೋಡಿದೆ. ಬೇಸರವಾಯಿತೇನೋ ಎಂದುಕೊಂಡೆ. ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ಅಲ್ಲಾರೀ, ಅಷ್ಟೊಂದು ಜನ ಕೂತು ವಾದ ಮಾಡೋ ಬದ್ಲು ಪಕ್ಕದ ಬೀದಿಯಿಂದ ಒಬ್ಬ ಕುರುಡನ್ನ ಕರ್ಕೊಂಡ್ ಬಂದು, ಅಪ್ಪಾ ನೀನೇನ್ ಹೇಳ್ತೀಯ ಅಂತ ಕೇಳ್ಬಾರ್ದಾಗಿತ್ತಾ?"

ನಾನು ಸುಮ್ಮನಿರಲಾರದೆ ಹಳೆಯ ವರ್ಕ್‌ಶಾಪಿಗೆ ಹೋದೆ. ಹಳೆಯ ಗೆಳೆಯರನ್ನು ಕೇಳಿ ಲೇತ್ ಮೇಲೆ ಒಂದು ನೈಲಾನ್ ಚೆಂಡು ತಿರುಗಿಸಿದೆ, ಅದೇ ಅಳತೆಯ ಒಂದು ಚೌಕದ ಗಟ್ಟಿಯನ್ನೂ ಮಾಡಿದೆ. ತಂದು ಅವಳ ಎರಡು ಕೈಯಲ್ಲಿ ಇಟ್ಟೆ. ಅವಳು ಚೆಂಡನ್ನು ಬೆರಳಲ್ಲಿ ಒಂದು ಸುತ್ತು ತಿರುಗಿಸಿ, "ಇಲ್ಲಿ ಸ್ವಲ್ಪ ಚಪ್ಪಟೆ ಆಗಿದೆ ನೋಡಿ. ಉರುಳಿಸಿದ್ರೆ ಮಲಗುತ್ತೆ ಇದು," ಎಂದಳು. ನಲವತ್ತು ವರ್ಷದ ಅನುಭವದ ಟರ್ನರ್ ನಾನು, ನನ್ನ ಕಣ್ಣಿಗೆ ಅದು ಕಂಡಿರಲಿಲ್ಲ.

"ಆಯ್ತು, ಈಗ ನಿನಗೆ ಕಣ್ಣು ಬಂತು ಅಂದ್ಕೋ. ಮುಟ್ಟದೆ ಹೇಳ್ತೀಯಾ ಯಾವ್ದು ಯಾವ್ದು ಅಂತ?"

"ಕಣ್ಣು ಬಂದ್ರೆ ಚೆಂಡು ಯಾಕ್ರೀ ನೋಡ್ಲಿ? ಮೊದ್ಲು ನಿಮ್ಮ ಮುಖ ನೋಡ್ತೀನಿ. ಮೂಗು ಯಾವ್ದು ಅಂತ ಗೊತ್ತಾಗ್ದಿದ್ರೆ ಮುಟ್ಟಿ ನೋಡ್ತೀನಿ. ಮುಟ್ಬಾರ್ದು ಅನ್ನೋಕೆ ಅವರ್ಯಾರು?"

ಹೀಗೆ ಓದುತ್ತ ಓದುತ್ತ ನನಗೂ ಅಭಿಪ್ರಾಯಗಳು ಹುಟ್ಟತೊಡಗಿದವು. ಜರ್ಮನಿಯ ಒಬ್ಬ ಚಿಂತಕ, ಕಾರ್ಖಾನೆಯ ಕೆಲಸಗಾರನಿಗೆ ತಾನು ಮಾಡಿದ ವಸ್ತುವೇ ಪರಕೀಯವಾಗುತ್ತದೆ ಎಂದು ಬರೆದಿದ್ದ. ನಾನು ಅಲ್ಲಿಗೆ ಓದುವುದನ್ನು ನಿಲ್ಲಿಸಿಬಿಟ್ಟೆ. ನಾನು ಮಾಡಿದ ಲೋಹದ ಬುಷ್‌ಗಳು ಯಾವ ಮೆಷಿನ್ನಿಗೆ ಹೋದವು, ಯಾರ ಊರಿನಲ್ಲಿ ತಿರುಗುತ್ತಿವೆ, ಒಂದೂ ನನಗೆ ಗೊತ್ತಿಲ್ಲ. ನನ್ನ ಕತೆಯನ್ನು ಅಷ್ಟು ದೂರದಲ್ಲಿ, ಅಷ್ಟು ಹಿಂದೆ, ನನ್ನ ಮುಖ ನೋಡದೆ ಒಬ್ಬ ಬರೆದಿಟ್ಟಿದ್ದನಲ್ಲ ಎಂದು ಸಂತೋಷವಾಯಿತು.

ನಮ್ಮಿಬ್ಬರಿಗೆ ಜಗಳ ಬರುತ್ತಿದ್ದದ್ದು ಒಂದೇ ವಿಷಯಕ್ಕೆ. ಮೊದಲು ಯಾವುದು, ವ್ಯಕ್ತಿಯೋ ಸಮಾಜವೋ? ಅವಳು ವ್ಯಕ್ತಿಯ ಪಕ್ಷ. ಒಪ್ಪಂದದ ಚಿಂತಕರು ಅವಳಿಗೆ ತುಂಬಾ ಹಿಡಿಸಿದ್ದರು. "ನನ್ನನ್ನ ಯಾವತ್ತೂ ಯಾರ ಜೊತೆಗೋ ಸೇರಿಸಿಯೇ ನೋಡಿದ್ದು. ಇವರ ಮಗಳು, ಇವರ ಹೆಂಡತಿ. ಹೋಟೆಲಿಗೆ ಹೋದ್ರೆ ಸಪ್ಲೈಯರ್ ನನ್ನ ಪಕ್ಕದಲ್ಲೇ ನಿಂತು ನಿಮ್ಮನ್ನ ಕೇಳ್ತಾನೆ, ಅವರಿಗೇನ್ ಕೊಡ್ಲಿ ಸಾರ್ ಅಂತ. ಒಬ್ಬೊಬ್ಬ ಮನುಷ್ಯನೂ ಬಿಡಿಯಾಗಿ ಒಂದು, ಅವನು ಒಪ್ಪಿದ ಮೇಲೆ ಉಳಿದದ್ದು ಅಂತ ಇವರು ಹೇಳಿದ್ದಾರೆ. ನನಗೆ ಅಷ್ಟು ಸಾಕು."

ನಾನು ಒಪ್ಪುತ್ತಿರಲಿಲ್ಲ. "ಅಲ್ಲ ಕಣೇ, ಬಿಡಿಬಿಡಿಯಾಗಿದ್ದವರು ಒಂದಿನ ಬಂದು ಒಪ್ಪಂದ ಮಾಡ್ಕೊಂಡ್ರು ಅಂತಾರಲ್ಲ, ಮಾಡ್ಕೊಳ್ಳೋಕೆ ಮಾತು ಬೇಕಲ್ಲ? ಮಾತು ಯಾರು ಕಲಿಸಿದ್ರು ಅವರಿಗೆ? ಒಬ್ಬನೇ ಇದ್ದೋನಿಗೆ ಮಾತು ಎಲ್ಲಿಂದ ಬಂತು?"

"ಅದು ಸಿಲಬಸ್ಸಲ್ಲಿ ಇಲ್ಲ, ಸುಮ್ನಿರಿ," ಎನ್ನುತ್ತಿದ್ದಳು. ಸೋಲುವ ಹಂತ ಬಂದಾಗ ಅವಳು ಸಿಲಬಸ್ಸಿನ ಹಿಂದೆ ಅಡಗುತ್ತಿದ್ದಳು.

ಪರೀಕ್ಷೆ ಯಲಹಂಕದ ಒಂದು ಕಾಲೇಜಿನಲ್ಲಿತ್ತು. ಕಣ್ಣು ಕಾಣದವರು ಬಾಯಲ್ಲಿ ಹೇಳಿದ್ದನ್ನು ಬರೆದುಕೊಡಲು ಒಬ್ಬರನ್ನು ಕರೆತರಬಹುದು. ಬರೆಯುವವರು ಪರೀಕ್ಷೆ ಕಟ್ಟಿದವರಿಗಿಂತ ಕಡಿಮೆ ಓದಿರಬೇಕು ಎಂಬುದು ಅಲ್ಲಿನ ನಿಯಮ. ಹೆಚ್ಚು ಓದಿದವರು ತಮ್ಮದನ್ನು ಸೇರಿಸಿಬಿಡುತ್ತಾರೆ ಎಂಬ ಅನುಮಾನ. ನಾನು ನನ್ನ ಎಸ್ಸೆಸ್ಸೆಲ್ಸಿ ಕಾರ್ಡು ತೆಗೆದುಕೊಂಡು ಹೋದೆ. ಜೀವನದಲ್ಲಿ ಮೊದಲ ಸಲ ಕಡಿಮೆ ಓದಿದ್ದೇ ಒಂದು ಅರ್ಹತೆಯಾಗಿತ್ತು. ಮೇಲ್ವಿಚಾರಣೆಗೆ ಇದ್ದ ಮೇಡಂ ಕಾರ್ಡು ನೋಡಿ, "ನಿಮಗೆ ಈ ಸಬ್ಜೆಕ್ಟ್ ಬಗ್ಗೆ ಏನಾದ್ರೂ ಗೊತ್ತಾ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ, "ಅವರಿಗೆ ಏನೂ ಗೊತ್ತಿಲ್ಲ ಮೇಡಂ. ನಾನು ಗ್ಯಾರಂಟಿ ಕೊಡ್ತೀನಿ," ಎಂದಳು. ಮೇಡಂ ನಕ್ಕು ಸಹಿ ಹಾಕಿದರು.

ಒಂದು ಸಣ್ಣ ಕೋಣೆ, ನಾವಿಬ್ಬರೇ. ಬಾಗಿಲ ಹತ್ತಿರ ಕುರ್ಚಿಯಲ್ಲಿ ಮೇಡಂ. ಅವಳು ಹೇಳುವ ಕ್ರಮವೇ ಒಂದು ಚೆಂದ. ಅಲ್ಪವಿರಾಮ, ಪೂರ್ಣವಿರಾಮ, ಹೊಸ ಪ್ಯಾರಾ, ಎಲ್ಲವನ್ನೂ ಹೇಳುತ್ತಿದ್ದಳು. ಒಂದು ಉತ್ತರ ಮುಗಿದ ಮೇಲೆ ನಾನು ಅದನ್ನು ಮೆಲ್ಲಗೆ ಓದಿ ಹೇಳಬೇಕು. ಒಂದು ಪದ ಹೆಚ್ಚುಕಡಿಮೆಯಾದರೂ ಬೆರಳಿನಿಂದ ಮೇಜು ಕುಟ್ಟುತ್ತಿದ್ದಳು.

ಕೊನೆಯ ಪ್ರಶ್ನೆ ಸಾಮಾಜಿಕ ಒಪ್ಪಂದದ್ದು. ವಿಮರ್ಶಿಸಿರಿ ಎಂದಿತ್ತು. ಅವಳು ಹುರುಪಿನಿಂದ ಹೇಳಿದಳು. ಗ್ರೀಕರಿಂದ ಹೊರಟು, ಊರು ಮುಖ್ಯ, ದೇವರು ಮುಖ್ಯ, ರಾಜ ಮುಖ್ಯ ಎನ್ನುತ್ತಿದ್ದ ಕಾಲಗಳನ್ನು ದಾಟಿ, ಒಬ್ಬ ಸಾಮಾನ್ಯ ಮನುಷ್ಯನ ಒಪ್ಪಿಗೆಯೇ ಮುಖ್ಯ ಎಂಬಲ್ಲಿಗೆ ಹೇಗೆ ಬಂದರು ಎಂಬುದನ್ನು ಕತೆಯ ಹಾಗೆ ಹೇಳಿದಳು. ನಾನು ಬರೆಯುತ್ತ ಹೆಮ್ಮೆಪಟ್ಟೆ. "ಆದ್ದರಿಂದ ವ್ಯಕ್ತಿ ಮೊದಲು ಅಲ್ಪವಿರಾಮ ಸಮಾಜ ನಂತರ ಪೂರ್ಣವಿರಾಮ," ಎಂದು ಮುಗಿಸಿ ನೀರಿನ ಬಾಟಲಿಗೆ ಕೈ ಚಾಚಿದಳು. ಗಂಟೆ ಬಾರಿಸಲು ಎರಡು ನಿಮಿಷವಿತ್ತು.

ವಿಮರ್ಶಿಸಿರಿ ಎಂದಿದ್ದಾರೆ, ಇವಳು ಬರೀ ಹೊಗಳಿದ್ದಾಳೆ, ಅಂಕ ಹೋಗುತ್ತದೆ ಎಂದು ನನಗನ್ನಿಸಿತು. ಅದಷ್ಟೇ ಕಾರಣ ಎಂದು ಆಮೇಲೆ ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳುವುದಾದರೆ ನನ್ನ ವಾದ ಎಲ್ಲಾದರೂ ಒಂದು ಕಡೆ ಅಚ್ಚುಕಟ್ಟಾಗಿ ಕೂರಲಿ ಎಂಬ ಆಸೆಯೂ ಇತ್ತು. ಅವಳು ನೀರು ಕುಡಿಯುತ್ತಿದ್ದಾಗ ನನ್ನ ಕೈ ಬರೆಯಿತು: ಆದರೆ ಒಬ್ಬನೇ ಇದ್ದವನಿಗೆ ಮಾತು ಬರುವುದಿಲ್ಲವಾದ್ದರಿಂದ, ಈ ಒಪ್ಪಂದಕ್ಕಿಂತ ಮೊದಲೇ ಕನಿಷ್ಠ ಇಬ್ಬರು ಜೊತೆಗಿದ್ದಿರಬೇಕು.

"ಇನ್ನೂ ಏನ್ ಬರೀತಿದ್ದೀರಿ?" ಎಂದಳು. ಪೆನ್ನಿನ ಸದ್ದು ಅವಳಿಗೆ ಕೇಳಿಸದೆ ಇರುತ್ತದೆಯೇ?

"ಅಡಿಗೆರೆ ಎಳೀತಿದ್ದೀನಿ," ಎಂದೆ. ಗಂಟೆ ಬಾರಿಸಿತು. ಆ ಉತ್ತರವನ್ನು ಓದಿ ಹೇಳಲು ಸಮಯ ಸಿಗಲಿಲ್ಲ.

ಫಲಿತಾಂಶ ಬಂದಾಗ ಎಲ್ಲಾ ಪತ್ರಿಕೆಗಳಿಗಿಂತ ಅದರಲ್ಲೇ ಹೆಚ್ಚು ಅಂಕ. ಅವಳು ಬೀದಿಯ ಪ್ರತಿ ಮನೆಗೂ ತಾನೇ ಹೋಗಿ ಮೈಸೂರುಪಾಕು ಹಂಚಿ ಬಂದಳು. ನಾನು ಡಬ್ಬಿ ಹಿಡಿದುಕೊಂಡು ಹಿಂದೆ ಹೋದೆ. ಎಲ್ಲರೂ, "ನಿಮ್ಮೆಜಮಾನ್ರು ಓದಿ ಓದಿ ಹೇಳಿದ್ದಕ್ಕಲ್ವಾ!" ಎಂದರೆ ಅವಳು, "ಹೌದು, ಪಾಪ, ಅವರು ಒಳ್ಳೆ ಪೆನ್ನು," ಎನ್ನುತ್ತಿದ್ದಳು. ನಾನು ಡಬ್ಬಿಯ ಮುಚ್ಚಳ ಹಾಕಿ ಮುಂದಿನ ಮನೆಯ ಕಡೆ ನಡೆದೆ.

ಆಮೇಲೆ ಅವಳು ಒಂದು ಅರ್ಜಿ ಬರೆಸಿದಳು. ಆ ಪತ್ರಿಕೆಯ ಉತ್ತರದ ನಕಲು ಪ್ರತಿ ಬೇಕು ಎಂದು.

"ಪಾಸಾಯ್ತಲ್ಲ, ಯಾಕೆ ಈಗ?" ಎಂದೆ.

"ಬ್ಯಾಂಕಲ್ಲಿ, ಆಫೀಸಲ್ಲಿ, ಎಲ್ಲಾ ಕಡೆ ನಾನು ಒಂದು ಹೇಳಿದ್ರೆ ಬರ್ಕೊಳ್ಳೋರು ಅವರಿಗೆ ತೋಚಿದಂಗೆ ಬರ್ಕೋತಾರೆ. ಹುಟ್ಟಿದಾಗಿಂದ ನಾನು ಹೇಳಿದ್ದನ್ನ ಹೇಳಿದ ಹಾಗೇ, ಒಂದಕ್ಷರ ಬಿಡದೆ, ಒಂದಕ್ಷರ ಸೇರಿಸದೆ ಬರೆದಿರೋ ಕಾಗದ ಅಂದ್ರೆ ಅದೊಂದೇ ಕಣ್ರೀ. ಅದು ಮನೇಲಿರ್ಲಿ ಅಂತ."

ಅರ್ಜಿ ಬರೆಯುತ್ತಿದ್ದ ನಾನು ವಿಳಾಸದ ಸಾಲನ್ನು ಎರಡು ಸಲ ಬರೆದುಬಿಟ್ಟೆ. ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ನಕಲು ಬರುವತನಕ ಒಂದೂವರೆ ತಿಂಗಳು ಅಂಚೆಯವನ ಗಾಡಿಯ ಸದ್ದು ಕೇಳಿದರೆ ಅವಳಿಗಿಂತ ಮೊದಲು ನಾನೇ ಗೇಟಿಗೆ ಓಡುತ್ತಿದ್ದೆ. ಓದುವವನು ನಾನೇ ಅಲ್ಲವೇ, ಆ ಒಂದು ಸಾಲನ್ನು ಬಿಟ್ಟು ಓದಿದರಾಯಿತು ಎಂದು ಒಂದು ದಿನ. ಬಿಟ್ಟು ಓದಿದರೆ ಎರಡನೇ ಸಲ ಮೋಸ ಮಾಡಿದ ಹಾಗೆ ಎಂದು ಮರುದಿನ.

ಲಕೋಟೆ ಬಂದದ್ದು ಒಂದು ಶನಿವಾರ. ಮರುದಿನ ಮಗಳು ಚಿಕ್ಕಬಾಣಾವರದಿಂದ ಬಂದಿದ್ದಳು. ಅಮ್ಮ, ಮಗಳು ದಿವಾನ್ ಮೇಲೆ ಕೂತು, "ಓದಿ," ಎಂದರು. ನಾನು ಓದಿದೆ. ಅವಳು ತಾನು ಹೇಳಿದ್ದನ್ನು ತಾನೇ ಕೇಳುತ್ತ, ತುಟಿ ಅಲ್ಲಾಡಿಸುತ್ತ, ತಲೆದೂಗುತ್ತಿದ್ದಳು. ಕೊನೆಯ ಪುಟಕ್ಕೆ ಬಂದೆ. ವ್ಯಕ್ತಿ ಮೊದಲು, ಸಮಾಜ ನಂತರ. ನಿಲ್ಲಿಸಿದೆ. ಎರಡು ಉಸಿರು ತೆಗೆದುಕೊಂಡು ನನ್ನ ಸಾಲನ್ನೂ ಓದಿದೆ.

ಅವಳ ತುಟಿ ನಿಂತಿತು.

"ಇದು ನಾನು ಹೇಳಿಲ್ಲ."

"ಹೌದು. ನಾನು ಸೇರಿಸಿದ್ದು."

ಮಗಳು ಹಾಳೆಯನ್ನು ಕಿತ್ತುಕೊಂಡು ನೋಡಿದಳು. "ಅಪ್ಪಾ! ನೀನು ಮಾಲ್‌ಪ್ರಾಕ್ಟೀಸ್ ಮಾಡಿದ್ದೀಯಾ? ನನಗೆ ಐದನೇ ಕ್ಲಾಸಲ್ಲಿ ಕಾಪಿ ಹೊಡೆದಿದ್ದಕ್ಕೆ ಏನ್ ಹೊಡೆದಿದ್ದೆ ನೀನು!" ಎಂದಳು. ಆಮೇಲೆ ಇನ್ನೂ ಹತ್ತಿರ ಹಿಡಿದು ನೋಡಿ, ನಗು ತಡೆಯಲಾರದೆ, "ಅಮ್ಮಾ, ಕರೆಕ್ಷನ್ ಮಾಡಿದವರು ಈ ಸಾಲಿನ ಕೆಳಗೆ ಗೆರೆ ಎಳೆದು ಟಿಕ್ ಹಾಕಿದ್ದಾರೆ. ಪಕ್ಕದಲ್ಲಿ 'ಚೆನ್ನಾಗಿದೆ' ಅಂತ ಬರೆದಿದ್ದಾರೆ," ಎಂದಳು.

"ಬೇರೆ ಎಲ್ಲೂ ಹಾಕಿಲ್ವಾ?"

"ಬೇರೆ ಎಲ್ಲೂ ಇಲ್ಲ."

ನನ್ನ ಹೆಂಡತಿ ಎದ್ದಳು. "ನಾನು ಅಷ್ಟೊಂದು ಪುಟ ಹೇಳಿದ್ದಕ್ಕೆ ಒಂದೂ ಇಲ್ಲ, ಇವರ ಒಂದು ಸಾಲಿಗೆ ಟಿಕ್ಕಾ?" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಗಳು ನಗುತ್ತಿದ್ದವಳು ನಗು ನಿಲ್ಲಿಸಿದಳು.

ಎರಡು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ಅಡುಗೆಯಾಗುತ್ತಿತ್ತು, ಬಡಿಸುತ್ತಿದ್ದಳು, ಮಾತಿಲ್ಲ. ಮೂರನೇ ದಿನ ಬೆಳಿಗ್ಗೆ ಕಾಫಿ ಲೋಟ ನನ್ನ ಮುಂದಿಟ್ಟು, "ಆ ಹೋಟೆಲ್ ಸಪ್ಲೈಯರ್ ನಿಮಗಿಂತ ವಾಸಿ. ಅವನು ನಿಮ್ಮನ್ನಾದ್ರೂ ಕೇಳ್ತಾನೆ. ನೀವು ಯಾರನ್ನೂ ಕೇಳ್ಲಿಲ್ಲ," ಎಂದಳು. ತಪ್ಪಾಯಿತು ಎಂದೆ. ಆ ಎರಡು ದಿನದಲ್ಲಿ ನಾನು ಓದಿದ್ದ ಅಷ್ಟೂ ಪಾಠ ನನಗೆ ನೆಟ್ಟಗೆ ಅರ್ಥವಾಗಿತ್ತು. ಇನ್ನೊಬ್ಬರ ಒಳ್ಳೆಯದಕ್ಕೇ ಮಾಡಿದೆ ಎನ್ನುವವರ ವಿರುದ್ಧವೇ ಆ ಚಿಂತಕರಲ್ಲಿ ಬಹಳಷ್ಟು ಜನ ಬರೆದದ್ದು.

"ಪೆನ್ನು ತಗೊಳ್ಳಿ," ಎಂದಳು. "ಹೇಳಿದಷ್ಟೇ ಬರೀಬೇಕು."

ವಿಶ್ವವಿದ್ಯಾಲಯಕ್ಕೆ ಪತ್ರ. ನನ್ನ ಉತ್ತರ ಪತ್ರಿಕೆಯ ಕೊನೆಯ ಪುಟದ ಕೊನೆಯ ಸಾಲು ನನ್ನದಲ್ಲ, ಬರೆದುಕೊಟ್ಟವರದು. ಅದಕ್ಕೆ ಕೊಟ್ಟಿರುವ ಅಂಕವನ್ನು ಕಳೆಯಬೇಕಾಗಿ ವಿನಂತಿ. ನಾನು ನನ್ನ ತಪ್ಪನ್ನು ನನ್ನ ಕೈಯಾರೆ, ಅಲ್ಪವಿರಾಮ ಸಮೇತ ಬರೆದು ಅಂಚೆಗೆ ಹಾಕಿ ಬಂದೆ. ಡಿಗ್ರಿಯೇ ರದ್ದಾದರೆ ಏನು ಗತಿ ಎಂದು ನನಗೆ ಭಯ. ಅವಳು ಮಾತ್ರ ಆ ದಿನದಿಂದ ಹಾಡು ಗುನುಗಿಕೊಂಡು ಓಡಾಡುತ್ತಿದ್ದಳು. ಮೂರು ತಿಂಗಳ ಮೇಲೆ ಉತ್ತರ ಬಂತು. ಫಲಿತಾಂಶ ಪ್ರಕಟವಾದ ನಂತರ ಅಭ್ಯರ್ಥಿಯ ಕೋರಿಕೆಯ ಮೇರೆಗೆ ಒಂದು ಸಾಲಿನ ಅಂಕವನ್ನು ಕಡಿತಗೊಳಿಸಲು ನಿಯಮಾವಳಿಯಲ್ಲಿ ಅವಕಾಶ ಇರುವುದಿಲ್ಲ. ಅವಳು ಅದನ್ನು ಎರಡು ಸಲ ಓದಿಸಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಸರಿ. ಅವರು ಶಿಕ್ಷೆ ಕೊಡದಿದ್ರೆ ನಾನು ಕೊಡ್ತೀನಿ," ಎಂದಳು. "ನಿಮಗೆ ಹೇಳೋದು ಏನಾದ್ರೂ ಇದ್ರೆ ನಿಮ್ಮ ಪೇಪರ್‌ನಲ್ಲಿ, ನಿಮ್ಮ ಹೆಸರಲ್ಲಿ ಹೇಳಿ. ಬಿ.ಎ.ಗೆ ಸೇರ್ಕೊಳ್ಳಿ."

"ನನಗಾ? ಈ ವಯಸ್ಸಲ್ಲಿ ಯಾಕೆ?"

"ಈ ಪ್ರಶ್ನೆ ಒಂದ್ಸಲ ಕೇಳಿದ್ರಿ. ಉತ್ತರ ಕೊಟ್ಟಿದ್ದೀನಿ."

ನನ್ನ ಐ.ಟಿ.ಐ. ಸರ್ಟಿಫಿಕೇಟ್ ನೋಡಿ ಸೇರಿಸಿಕೊಂಡರು. ಮತ್ತೆ ಮಹಡಿಯ ಮೇಲೆ ಬೆಳಗಿನ ಓದು ಶುರುವಾಯಿತು. ಈಗ ನಾನು ವಿದ್ಯಾರ್ಥಿ. ಅವಳು ಪ್ರಶ್ನೆ ಹಾಕುವಳು, ಉತ್ತರ ಮಾತ್ರ ಹೇಳಿಕೊಡುತ್ತಿರಲಿಲ್ಲ. ನಾನು ತಡವರಿಸಿದರೆ, "ಬೇಗ ಹೇಳ್ಬೇಡಿ. ನಿಮ್ಮದನ್ನೇ ಹೇಳಿ," ಎನ್ನುತ್ತಿದ್ದಳು. ನಾನು ಒಂದು ವಾದವನ್ನು ಚೆನ್ನಾಗಿ ಕಟ್ಟಿದ ದಿನ ಅವಳು ಬಲು ಗಟ್ಟಿಯಾಗಿ ವಿರೋಧಿಸುತ್ತಿದ್ದಳು. ಹೂವು ಮಾರುವವಳು ಕೆಳಗಿನಿಂದ, "ಏನಮ್ಮ, ಬೆಳಿಗ್ಗೆ ಬೆಳಿಗ್ಗೆನೇ ಇಂಗೆ ಜಗಳ ಆಡ್ತೀರಲ್ಲ!" ಎಂದರೆ, "ಜಗಳ ಅಲ್ಲಮ್ಮ, ಸಿಲಬಸ್!" ಎಂದು ಕೂಗುತ್ತಿದ್ದಳು. ನನ್ನ ಬದುಕಿನಲ್ಲಿ ಅಷ್ಟು ಸುಖವಾದ ವರ್ಷಗಳು ಬೇರೆ ಇಲ್ಲ.

ಎರಡನೇ ವರ್ಷ ಮುಗಿಯುವ ಹೊತ್ತಿಗೆ ಅವಳ ಹೃದಯ ಕೈಕೊಟ್ಟಿತು. ಹೆಬ್ಬಾಳದ ಹತ್ತಿರ ಒಂದು ಆಸ್ಪತ್ರೆಯಲ್ಲಿ ಒಂಬತ್ತು ದಿನ. ಒಂದು ಮಧ್ಯಾಹ್ನ ನರ್ಸ್ ಬಂದು ಅವಳ ಮಂಚದ ಪಕ್ಕ ನಿಂತು ನನ್ನನ್ನು ಕೇಳಿದರು, "ಇವರಿಗೆ ನೋವು ಜಾಸ್ತಿ ಇದ್ಯಾ ಸಾರ್?" ಉತ್ತರ ನನಗೆ ಗೊತ್ತಿತ್ತು, ರಾತ್ರಿಯಿಡೀ ಪಕ್ಕದಲ್ಲೇ ಇದ್ದೆ. "ಅವರನ್ನೇ ಕೇಳಿ ಸಿಸ್ಟರ್," ಎಂದೆ. ನರ್ಸ್ ಬಗ್ಗಿ ಕೇಳಿದರು. ಅವಳು, "ಸ್ವಲ್ಪ ಇದೆ," ಎಂದು ಹೇಳಿ, ನನ್ನ ಕಡೆ ಮುಖ ತಿರುಗಿಸಿ, "ನಿಮಗೆ ಫಸ್ಟ್ ಕ್ಲಾಸ್," ಎಂದಳು. ಮೂರು ದಿನದ ಮೇಲೆ ಹೋದಳು.

ಮೂರನೇ ವರ್ಷದ ಪರೀಕ್ಷೆಗೆ ನಾನು ಹೋಗುವುದಿಲ್ಲ ಎಂದಿದ್ದೆ. ಮಗಳು ಕೇಳಲಿಲ್ಲ, ಹಾಲ್ ಟಿಕೆಟ್ ತೆಗೆಸಿ, ಆಟೋದಲ್ಲಿ ಕೂರಿಸಿಕೊಂಡು ಯಲಹಂಕಕ್ಕೆ ಬಂದು ಗೇಟಿನ ಹತ್ತಿರ ಇಳಿಸಿದಳು. "ಅಪ್ಪ, ಅಮ್ಮನ ಶಿಕ್ಷೆ ಅರ್ಧಕ್ಕೆ ಬಿಡೋ ಹಂಗಿಲ್ಲ ನೀನು," ಎಂದಳು.

ಈ ಸಲ ಸಣ್ಣ ಕೋಣೆಯಲ್ಲ, ದೊಡ್ಡ ಹಾಲು. ಸುತ್ತ ಕೆಲಸಕ್ಕೆ ಹೋಗುವ ಹುಡುಗ ಹುಡುಗಿಯರು. ನನ್ನ ಪಕ್ಕದ ಹುಡುಗಿ, "ಅಂಕಲ್, ಎಕ್ಸ್‌ಟ್ರಾ ಪೆನ್ ಇದ್ಯಾ?" ಎಂದಳು. ಕೊಟ್ಟೆ. ಪ್ರಶ್ನೆ ಪತ್ರಿಕೆ ಬಂತು. ವ್ಯಕ್ತಿ ಮತ್ತು ಸಮಾಜದ ಸಂಬಂಧವನ್ನು ಕುರಿತು ಪಾಶ್ಚಾತ್ಯ ಚಿಂತಕರ ನಿಲುವುಗಳನ್ನು ಚರ್ಚಿಸಿರಿ ಎಂದು ನಾಲ್ಕನೇ ಪ್ರಶ್ನೆ.

ಪೆನ್ನು ಹಿಡಿದೆ. ಹೇಳುವವರು ಯಾರೂ ಇರಲಿಲ್ಲ. ಪುಸ್ತಕದಲ್ಲಿದ್ದದ್ದನ್ನು ಮೊದಲು ಬರೆದೆ. ಆಮೇಲೆ, ಈ ವಿಷಯದಲ್ಲಿ ನನ್ನ ಹೆಂಡತಿಯ ಅಭಿಪ್ರಾಯ ಹೀಗಿತ್ತು ಎಂದು ಒಂದು ಹೊಸ ಪ್ಯಾರಾ ತೆಗೆದೆ. ಉತ್ತರ ಪತ್ರಿಕೆಯಲ್ಲಿ ಹಾಗೆಲ್ಲ ಬರೆಯಬಾರದು ಎಂದು ಗೊತ್ತಿತ್ತು. ಆದರೂ ಅವಳು ಮಹಡಿಯ ಮೇಲೆ ಹೇಳುತ್ತಿದ್ದುದನ್ನೆಲ್ಲ, ಮೂಲೆಯಲ್ಲಿ ಕೂತು ಮಗ್ಗಿ ಹೇಳಿಕೊಂಡದ್ದರಿಂದ ಹಿಡಿದು, ಅವಳು ಹೇಳಿದ ಹಾಗೇ, ಉದ್ಧರಣ ಚಿಹ್ನೆ ತೆರೆದು ಮುಚ್ಚಿ ಬರೆದೆ. ಒಂದಕ್ಷರ ಬಿಡಲಿಲ್ಲ, ಒಂದಕ್ಷರ ಸೇರಿಸಲಿಲ್ಲ. ಬರೆಯುತ್ತ ಬರೆಯುತ್ತ ಅವಳ ವಾದ ನಾನು ಅಂದುಕೊಂಡಿದ್ದಕ್ಕಿಂತ ಗಟ್ಟಿಯಾಗಿದೆ ಅನ್ನಿಸಿತು. ಒಂದೆರಡು ಕಡೆ ನಗುವೂ ಬಂತು. ಪಕ್ಕದ ಹುಡುಗಿ ತಿರುಗಿ ನೋಡಿದಳು.

ಅದು ಮುಗಿದ ಮೇಲೆ ಇನ್ನೊಂದು ಹೊಸ ಪ್ಯಾರಾ ತೆಗೆದು, ನನ್ನ ಅಭಿಪ್ರಾಯ ಬೇರೆ ಎಂದು ಬರೆದೆ. ಅದಕ್ಕೆ ಮೂರು ಕಾರಣಗಳಿವೆ ಎಂದು ಬರೆದೆ. ಮೊದಲನೆಯದನ್ನು ಬರೆದು ಮುಗಿಸುವಷ್ಟರಲ್ಲಿ ಗಂಟೆ ಬಾರಿಸಿತು. ಮೇಲ್ವಿಚಾರಕರು ಬಂದು ಹಾಳೆಗಳ ಮೇಲೆ ಕೈಯಿಟ್ಟರು.

"ಇನ್ನೂ ಎರಡು ಕಾರಣ ಇದೆ ಸಾರ್," ಎಂದೆ.

"ಮುಂದಿನ ಪೇಪರ್‌ನಲ್ಲಿ ಬರೀರಿ ಯಜಮಾನ್ರೇ," ಎಂದು ನಕ್ಕು ಅವರು ಪತ್ರಿಕೆ ಎತ್ತಿಕೊಂಡು ಮುಂದಿನ ಬೆಂಚಿಗೆ ಹೋದರು.